ಅಮ್ಮನ ಬಾಯಿಗೆ ಹಚ್ಚಿದ ಜೆಲ್

ಅಮ್ಮನಿಗೆ ಹೃದಯದ ವಾಲ್ವ್ ಬದಲಾಯಿಸಿ ಆರು ವರ್ಷ ಆಯ್ತು. ಅವತ್ತಿನಿಂದ ದಿನಾ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್. ಕಳೆದ ಮಳೆಗಾಲದಲ್ಲಿ "ಸಾರು ತಾಗಿದ್ರೂ ಬಾಯಿ ಉರಿಯುತ್ತೆ ಕಣೋ" ಅಂತ ಊಟ ಕಮ್ಮಿ ಮಾಡಿದರು. ಟಾರ್ಚ್ ಹಾಕಿ ನೋಡಿದೆ. ನಾಲಿಗೆ ಮೇಲೆ, ಕೆನ್ನೆ ಒಳಗೆ ಒಡೆದ ಮೊಸರು ಅಂಟಿಕೊಂಡ ಹಾಗೆ ಬಿಳಿ. ಹತ್ತಿಯಲ್ಲಿ ಒರೆಸಿದರೆ ಕೆಳಗೆ ಕೆಂಪಗೆ ಹಸಿ ಗಾಯ.

ಮೆಡಿಕಲ್ ಶಾಪಿನಲ್ಲಿ ಬಾಯಿಯ ಫಂಗಸ್ ಸೋಂಕಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೊಟ್ಟರು. ಬೇರೆ ಯಾವ ಮಾತ್ರೆ ನಡೀತಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಯಿಗೆ ಹಚ್ಚೋದಕ್ಕೂ ಹೃದಯದ ಮಾತ್ರೆಗೂ ಏನು ಸಂಬಂಧ ಅಂದುಕೊಂಡಿದ್ದೆ. ಆರನೇ ದಿನ ವಸಡಿನಿಂದ ರಕ್ತ. ಮೊಣಕೈ ಹತ್ತಿರ, ಏಟೇ ಬೀಳದೆ, ಅಂಗೈ ಅಗಲ ನೀಲಿ. ಓಡಿ ಹೋಗಿ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತೆ ಅಂತ ತೋರಿಸುವ ಪರೀಕ್ಷೆ) ಮಾಡಿಸಿದರೆ, 2.5ರಿಂದ 3.5ರ ಒಳಗೆ ಇರಬೇಕಾದದ್ದು 7 ದಾಟಿತ್ತು. ಎರಡು ದಿನ ಆಸ್ಪತ್ರೆ.

ಡಾಕ್ಟರ್ ಹೇಳಿದ್ದು ಇಷ್ಟು. ಹಚ್ಚಿದ ಜೆಲ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ರಕ್ತಕ್ಕೂ ಸೇರುತ್ತೆ. ವಾರ್ಫರಿನ್ ಕರಗಿಸುವ ಲಿವರಿನ ಕೆಲಸವನ್ನು ಅದು ತಡೆಯುತ್ತೆ, ಹಾಗಾಗಿ ಮಾತ್ರೆ ಅಷ್ಟೇ ತಗೊಂಡರೂ ಮೈಯಲ್ಲಿ ಜಾಸ್ತಿ ಉಳಿಯುತ್ತೆ. ಜೆಲ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಇರುತ್ತೆ, ಅದಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಕೆಲವು ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಶುಗರ್ ಮಾತ್ರೆಗಳಿಗೂ ಇದೇ ತೊಂದರೆ ಇದೆಯಂತೆ. ದಯವಿಟ್ಟು ಮಾತ್ರೆ ಚೀಟಿ ತೋರಿಸಿಯೇ ಜೆಲ್ ತಗೊಳ್ಳಿ.

ಅಮ್ಮನಿಗೆ ಆಮೇಲೆ ನಿಸ್ಟಾಟಿನ್ ಹನಿ ಕೊಟ್ಟರು. ಅದು ರಕ್ತಕ್ಕೆ ಸೇರೋದೇ ಇಲ್ಲ ಅನ್ನಬಹುದು. ಊಟ ಆದ ಮೇಲೆ ಬಾಯಲ್ಲಿ ಆಡಿಸಿ, ಆದಷ್ಟು ಹೊತ್ತು ಹಾಗೇ ಇಟ್ಟುಕೊಳ್ಳಬೇಕು. ಬಿಳಿ ಹೋಯ್ತು ಅಂತ ಅವತ್ತೇ ನಿಲ್ಲಿಸಲಿಲ್ಲ, ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಸಿದೆವು. ಆದರೆ ಮೂಲ ಇನ್‌ಹೇಲರ್ ಅಲ್ವಾ? ಅದರ ಸ್ಟೀರಾಯ್ಡ್ ಬಾಯಲ್ಲಿ ಉಳಿದರೆ ಫಂಗಸ್ ಬೆಳೆಯೋಕೆ ಅನುಕೂಲ. ಈಗ ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳ್ತಾರೆ, ಹಲ್ಲಿನ ಸೆಟ್ ರಾತ್ರಿ ತೆಗೆದಿಡ್ತಾರೆ.

ಆಮೇಲೆ ಇನ್ನೊಂದು ಆಯ್ತು. ತಂಗಿ ಬಾಣಂತನಕ್ಕೆ ಬಂದಿದ್ದಳು, ಎರಡೂವರೆ ತಿಂಗಳ ಮಗುವಿನ ನಾಲಿಗೆಯಲ್ಲೂ ಬಿಳಿ. "ಅಣ್ಣ, ಆ ಜೆಲ್ ಉಳಿದಿದೆಯಲ್ಲ" ಅಂದಳು. ಬೇಡವೇ ಬೇಡ ಅಂದೆ. ಅದು ಅಂಟಂಟಾಗಿ ದಪ್ಪ ಇರುತ್ತೆ, ನಾಲ್ಕು ತಿಂಗಳ ಒಳಗಿನ ಮಗುವಿನ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. ಮೊಲೆತೊಟ್ಟಿಗೆ ಹಚ್ಚಿ ಹಾಲು ಕುಡಿಸೋದೂ ಅಷ್ಟೇ ಅಪಾಯ. ದೊಡ್ಡ ಮಗುವಾದರೂ ಚೂರು ಚೂರೇ ಬಾಯಿಯ ಮುಂಭಾಗಕ್ಕೆ ಹಚ್ಚಬೇಕು, ಗಂಟಲ ಹತ್ತಿರ ಬೆರಳು ಹೋಗಬಾರದು. ಮಗುವನ್ನು ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಉಳಿದ ಟ್ಯೂಬನ್ನು ಅವತ್ತೇ ಎಸೆದೆ.