ಕೈ ಕೊಟ್ಟ ಇಂಗ್ಲಿಷ್ ನುಡಿಗಟ್ಟು

ಆಗಿನ್ನೂ ಅನುವಾದಕ್ಕೆ ಹೊಸಬ. ಕಥೆಯೊಂದರಲ್ಲಿ ‘ಹೀ ಗೇವ್ ಮಿ ಎ ಹ್ಯಾಂಡ್’ ಅಂತ ಸಾಲು ಬಂತು. ಕಷ್ಟದಲ್ಲಿದ್ದವನಿಗೆ ಗೆಳೆಯ ನೆರವಾಗುವ ಜಾಗ ಅದು. ನಾನು ‘ಅವನು ನನಗೆ ಕೈ ಕೊಟ್ಟ’ ಎಂದು ಬರೆದು ಮುಂದೆ ಹೋದೆ. ಕರಡು ಓದಿದವರು ಕೇಳಿದರು: “ಕೈ ಕೊಟ್ಟವನಿಗೆ ಮುಂದಿನ ಪುಟದಲ್ಲಿ ಥ್ಯಾಂಕ್ಸ್ ಯಾಕೆ ಹೇಳ್ತಾನೆ?”

ಅಲ್ಲಿಯವರೆಗೆ ನಾನು ಹೆದರುತ್ತಿದ್ದದ್ದು ‘ಕಿಕ್ ದ ಬಕೆಟ್’ನಂಥವಕ್ಕೆ. ನಿಜಕ್ಕೂ ಅವು ಸುಲಭ. ‘ಮುದುಕ ಬಕೆಟ್ ಒದ್ದ’ ಎಂದು ಬರೆದರೆ ನಮಗೇ ಅನುಮಾನ ಬರುತ್ತದೆ, ನಿಘಂಟು ತೆಗೆಯುತ್ತೇವೆ. 1785ರಲ್ಲಿ ಬಂದ ಫ್ರಾನ್ಸಿಸ್ ಗ್ರೋಸ್‌ನ ಪೋಲಿಮಾತುಗಳ ನಿಘಂಟಿನಲ್ಲೇ ಅದಕ್ಕೆ ‘ಸಾಯು’ ಎಂಬ ಅರ್ಥ ಇದೆ. ಆದರೆ ಅರ್ಥ ಸಿಕ್ಕರೆ ಸಾಲದು, ದನಿಯೂ ಬೇಕು. ಅದು ಹಗುರವಾಗಿ ಆಡುವ ಮಾತು. ‘ನಿಧನರಾದರು’ ಅಂದರೆ ಕೆಡುತ್ತದೆ, ‘ಗೊಟಕ್ ಅಂದ’ ಸರಿಹೋಗುತ್ತದೆ.

ಕನ್ನಡದಲ್ಲಿ ಸಲೀಸಾಗಿ ಕೂತುಬಿಡುವ ಮಾತುಗಳದ್ದೇ ಕಾಟ. ‘ಪುಲ್ಲಿಂಗ್ ಮೈ ಲೆಗ್’ ನೋಡಿ. ಸುಳ್ಳು ಹೇಳಿ ನಂಬಿಸಿ ತಮಾಷೆ ನೋಡುವುದು ಅಂತ ಅದರ ಅರ್ಥ. ನಮ್ಮ ‘ಕಾಲೆಳೆಯುವುದು’ ಗೇಲಿಯೂ ಹೌದು, ಮೇಲೇರುವವನನ್ನು ಕೆಳಕ್ಕೆ ಜಗ್ಗುವುದೂ ಹೌದು. ಆಫೀಸಿನ ಕಥೆಯಲ್ಲಿ ಅದನ್ನು ಹಾಕಿದರೆ ಓದುಗ ಎರಡನೆಯದನ್ನೇ ಹಿಡಿಯಬಹುದು, ಅಲ್ವಾ? ನಾನು ‘ಸುಮ್ನೆ ರೇಗಿಸ್ತಿದ್ದೀಯಾ?’ ಎಂದು ಬರೆಯುತ್ತೇನೆ.

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು ಪದಶಃ ಅರ್ಥವನ್ನು ಪೆನ್ಸಿಲ್‌ನಲ್ಲಿ ಬರೆದು, ಆ ಚಿತ್ರ ಸನ್ನಿವೇಶಕ್ಕೆ ಒಗ್ಗುತ್ತದೆಯೇ ನೋಡುತ್ತೇನೆ. ಹಡಗಿನ ಕಥೆಯಲ್ಲಿ ‘ಬ್ರೋಕ್ ದ ಐಸ್’ ಬಂದರೆ ನಿಜವಾಗಿಯೂ ಮಂಜುಗಡ್ಡೆ ಒಡೆದಿರಬಹುದು. ಅಪರಿಚಿತರು ಸೇರಿದ ಕೋಣೆಯಲ್ಲಾದರೆ ಬಿಗುವು ಕಳೆದು ಮಾತು ಶುರುವಾಗಿದೆ ಅಂತ.

ವಾಕ್ಯದ ರೂಪವೂ ಸುಳಿವು ಕೊಡುತ್ತದೆ. ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂತ ಕರ್ಮಣಿಯಲ್ಲಿ ಬಂದರೂ ‘ಗುಟ್ಟು ರಟ್ಟಾಯಿತು’ ಎಂಬ ಅರ್ಥ ಉಳಿಯುತ್ತದೆ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಮಾತ್ರ ಸಾಮಾನ್ಯವಾಗಿ ಯಾರೂ ಸತ್ತಿಲ್ಲ, ಯಾರೋ ಬಕೆಟ್ಟನ್ನೇ ಒದ್ದಿದ್ದಾರೆ. ಎಲ್ಲ ನುಡಿಗಟ್ಟುಗಳೂ ಒಂದೇ ಥರ ಬಾಗುವುದಿಲ್ಲ. ಈ ವಿಷಯ ನನಗೆ ವ್ಯಾಕರಣದ ಪಾಠದಲ್ಲಿ ಸಿಗಲಿಲ್ಲ, ತಪ್ಪು ಮಾಡಿ ಮಾಡಿ ಗೊತ್ತಾಯಿತು.

ಮೊನ್ನೆ ಮತ್ತೆ ‘ಹ್ಯಾಂಡ್’ ಎದುರಾಯಿತು: ‘ಗಿವ್ ಹರ್ ಎ ಬಿಗ್ ಹ್ಯಾಂಡ್’. ಪೆನ್ಸಿಲ್ ಎತ್ತಿಕೊಂಡೆ. ನೆರವೂ ಅಲ್ಲ, ಮೋಸವೂ ಅಲ್ಲ. ವೇದಿಕೆಯ ಮೇಲೆ ಹುಡುಗಿ ಹಾಡು ಮುಗಿಸಿದ್ದಳು. ‘ಜೋರಾಗಿ ಒಂದು ಚಪ್ಪಾಳೆ!’ ಎಂದು ಬರೆದೆ.