ಶ್ರೀರಂಗಪಟ್ಟಣದ ಹೊಳೆ ದಡ ಹಿಡಿದು ನಡೆದಾಗ

ಮಂಡ್ಯ ಜಿಲ್ಲೆಗೆ ಸಮುದ್ರ ಇಲ್ಲ, ಆದರೆ ನಮ್ಮೂರು ದ್ವೀಪ. ಕಾವೇರಿ ಎರಡು ಕವಲಾಗಿ ಶ್ರೀರಂಗಪಟ್ಟಣವನ್ನು ಬಳಸಿ ಬಂದು, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಬರುವವರು ದೇವಸ್ಥಾನ, ಗುಂಬಜ್ ನೋಡಿ ಕಾರು ಹತ್ತಿ ಮೈಸೂರಿಗೆ ಹೊರಟುಬಿಡುತ್ತಾರೆ. ಹೊಳೆ ಪಕ್ಕದಲ್ಲೇ ನಡೆದರೆ ಈ ಊರನ್ನು ಯಾಕೆ ಇಲ್ಲಿ ಕಟ್ಟಿದರು ಅನ್ನೋದು ಕಾಲಿಗೇ ಗೊತ್ತಾಗುತ್ತದೆ.

ದಡದುದ್ದಕ್ಕೂ ಕಾಲುದಾರಿ ಅಂತೇನೂ ಇಲ್ಲ. ಒಂದು ಕಡೆ ಸ್ನಾನದ ಮೆಟ್ಟಿಲು, ಮುಂದೆ ಗದ್ದೆ, ಆಮೇಲೆ ಬರೀ ಪೊದೆ. ಹಾಗಾಗಿ ನಾನು ತುಂಡು ತುಂಡಾಗಿ ನಡೆದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಉತ್ತರದ ಕವಲು. ಸಂಗಮದಿಂದ ಹೊರಟು ಗಂಜಾಂನ ನಿಮಿಷಾಂಬ ದೇವಸ್ಥಾನ, ಅಲ್ಲಿಂದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಕಡೆ, ಕೊನೆಗೆ ವೆಲ್ಲೆಸ್ಲಿ ಸೇತುವೆ. ಬೆಳಗ್ಗೆ ಈ ದಿಕ್ಕಲ್ಲೇ ನಡೆಯಿರಿ. ಬಿಸಿಲು ಬೆನ್ನಿಗಿರುತ್ತದೆ, ನೀರಿನ ಹೊಳಪು ಕಣ್ಣಿಗೆ ಹೊಡೆಯಲ್ಲ. ಹೊಳೆಮತ್ತಿ ಕೊಂಬೆ ಮೇಲೆ ಕೂತ ಮಿಂಚುಳ್ಳಿ, ಬಂಡೆ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ಎಲ್ಲ ಸ್ಪಷ್ಟವಾಗಿ ಕಾಣುತ್ತವೆ.

ಗದ್ದೆ ಬಂದ ಕಡೆ ಕೇಳಿಯೇ ದಾಟಬೇಕು. ಒಬ್ಬ ಯಜಮಾನರು ನೀರು ಕಟ್ಟುತ್ತಿದ್ದರು. "ಹೋಗ್ಬೋದಾ ಯಜಮಾನ್ರೇ?" ಅಂದೆ. "ಹೋಗಪ್ಪ, ಬದು ಮ್ಯಾಲೆ ಹೋಗು. ನಾಟಿ ತುಳೀಬ್ಯಾಡ" ಅಂದರು. ಇಲ್ಲ ಅಂದಿದ್ದರೆ ರಸ್ತೆಗೆ ಬಂದು ಸುತ್ತಿ ಹೋಗೋದು, ಅಷ್ಟೇ. ಅದು ಅವರ ಅನ್ನ ಅಲ್ವಾ?

ವೆಲ್ಲೆಸ್ಲಿ ಸೇತುವೆ ಹತ್ತಿರ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಆಗಿದ್ದು. ಕಮಾನು ಇಲ್ಲ. ಕಲ್ಲುಕಂಬ ನಿಲ್ಲಿಸಿ, ಅದರ ಮೇಲೆ ಕಲ್ಲಿನ ತೊಲೆ ಹೊರಿಸಿದ್ದಾರೆ. ಮೇಲೆ ನಿಂತರೆ ಇದು ತಿಳಿಯಲ್ಲ, ದಡಕ್ಕೆ ಇಳಿದು ಪಕ್ಕದಿಂದ ನೋಡಬೇಕು. ಕಂಬಗಳ ಸಂದಿಯಲ್ಲಿ ಒಣ ಬಿದಿರು, ಬೇರು, ಹರಿದ ಸೀರೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತವೆ. ಅವು ಎಷ್ಟು ಎತ್ತರಕ್ಕೆ ಸಿಕ್ಕಿವೆ ನೋಡಿ. ಮಳೆಗಾಲದಲ್ಲಿ ಹೊಳೆ ಎಲ್ಲಿವರೆಗೆ ಏರಿತ್ತು ಅಂತ ಅಳತೆ ಸಿಗುತ್ತದೆ. ಇಷ್ಟು ವರ್ಷ ಈ ಹೊಡೆತ ತಿಂದು ನಿಂತ ಕಲ್ಲನ್ನು ಮುಟ್ಟಿದಾಗೆಲ್ಲ ನನಗೆ ಕಟ್ಟಿದ ಕೈಗಳ ಮೇಲೆ ಗೌರವ ಹುಟ್ಟುತ್ತದೆ.

ಯಾವಾಗ ಹೋಗಬೇಕು ಅನ್ನೋದನ್ನು ಕ್ಯಾಲೆಂಡರ್ ಹೇಳಲ್ಲ, ಮೇಲ್ಗಡೆಯ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ಹೇಳುತ್ತದೆ. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಅದರ ಹತ್ತಿರ ಬಂದು ನೀರು ಬಿಡಲು ಶುರು ಮಾಡಿದರೆ ದಡದ ಕಡೆ ತಲೆ ಹಾಕಬೇಡಿ. ಪೇಪರ್‌ನಲ್ಲಿ ದಿನವೂ ಒಳಹರಿವು, ಹೊರಹರಿವು ಹಾಕುತ್ತಾರೆ. ನಾನು ಹೊರಹರಿವು ನೋಡಿಯೇ ಚಪ್ಪಲಿ ಮೆಟ್ಟುವುದು. ಸಂಕ್ರಾಂತಿ ಕಳೆದ ಮೇಲೆ ನೀರು ಇಳಿದು ಬಂಡೆಗಳು ಕಾಣುವ ಕಾಲ ಒಳ್ಳೆಯದು. ಆದರೂ ನೀರಿಗೆ ಕಾಲು ಬಿಟ್ಟು ಕೂರಬೇಡಿ. ಮೇಲ್ಗಡೆ ರಂಗನತಿಟ್ಟಿನಲ್ಲಿ ಮೊಸಳೆಗಳಿವೆ, ಹೊಳೆಗೆ ಬೇಲಿ ಇಲ್ಲ.

ನೀರಿನ ಬಾಟಲಿ, ಟೋಪಿ, ಹಿಡಿತ ಇರುವ ಶೂ ಸಾಕು. ಮಕ್ಕಳಿದ್ದರೆ ಸಂಗಮದಿಂದ ನಿಮಿಷಾಂಬದವರೆಗೆ ಮಾತ್ರ ಕರೆದುಕೊಂಡು ಹೋಗಿ. ದಕ್ಷಿಣದ ಕವಲಲ್ಲಿ ಪಶ್ಚಿಮವಾಹಿನಿ ಸುತ್ತಮುತ್ತ ಮಾತ್ರ ನೋಡಿದ್ದೇನೆ. ಅಲ್ಲಿ ಕರ್ಮ ಮಾಡಿ ಬಿಟ್ಟುಹೋದ ಬಟ್ಟೆಗಳು ಕಾಲಿಗೆ ತೊಡರುತ್ತವೆ, ನೋಡಿದರೆ ಸಂಕಟವಾಗುತ್ತದೆ. ಈ ಸಲ ನೀರು ಇಳಿದ ಮೇಲೆ ಆ ಕಡೆಯ ಉಳಿದ ದಡವನ್ನೂ, ಊರಿಗೆ ನೀರು ತರುವ ಬಂಗಾರದೊಡ್ಡಿ ನಾಲೆಯ ಏರಿಯನ್ನೂ ನಡೆಯಬೇಕು ಅಂದುಕೊಂಡಿದ್ದೇನೆ.