ಮೊಜಾಂಬಿಕ್‌ಗೆ ಹೊರಡುವ ನಮ್ಮವರಿಗೆ

ನಾನು ಯಲ್ಲಾಪುರದ ಕಡೆಯ ಸಿದ್ದಿ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ನಮ್ಮ ಹಿರಿಯರೂ ಇದ್ದರಂತೆ. ಯಾವ ಊರಿನಿಂದ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಪೂರ್ವಜರ ಮನೆ ಹುಡುಕಿಕೊಂಡು ಹೋಗಬೇಡಿ, ಸ್ನೇಹಿತರ ಮನೆಗೆ ಹೋಗಿ. ಧಾರವಾಡದಲ್ಲಿ ಓದುವಾಗ ಸಿಕ್ಕ, ಮೊಜಾಂಬಿಕ್‌ನ ನಂಪುಲಾ ನಗರದ ಗೆಳೆಯ ಇಲ್ಲದಿದ್ದರೆ ನಾನಂತೂ ಹೊರಡುತ್ತಿರಲಿಲ್ಲ.

ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ದಾರಿಯಲ್ಲಿ ಕೀನ್ಯಾ, ಇಥಿಯೋಪಿಯಾದಲ್ಲಿ ಉಳಿಯುವುದಿದ್ದರೆ ಹಳದಿ ಜ್ವರದ ಲಸಿಕೆ 10 ದಿನ ಮುಂಚೆ ಆಗಿರಬೇಕು. ಆ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ.

ನಂಪುಲಾವರೆಗೆ ವಿಮಾನ. ಅಲ್ಲಿಂದ ದೇಶದ ಹೆಸರೇ ಇರುವ ಮೊಜಾಂಬಿಕ್ ದ್ವೀಪಕ್ಕೆ ಸುಮಾರು 180 ಕಿ.ಮೀ. ರಸ್ತೆ, ಕೊನೆಗೆ ಸಮುದ್ರದ ಮೇಲಿನ ಕಿರಿದಾದ ಉದ್ದ ಸೇತುವೆ. ದ್ವೀಪದ ಕೋಟೆಯ ತುದಿಯಲ್ಲಿ 1522ರ ಪುಟ್ಟ ಪ್ರಾರ್ಥನಾಮಂದಿರವಿದೆ. ಅಲ್ಲಿ ಅವಸರ ಮಾಡಬೇಡಿ. ನಾನು ಫೋಟೋ ತೆಗೆಯಲು ಹೋಗಿ, ಸುಮ್ಮನೆ ಕೂತು ಬಂದೆ.

ಉಡುಗೊರೆಗೆ ಅಂಗಡಿಯ ಸಿಹಿ ಬೇಡ. ನಾನು ಅವ್ವ ಹೊಲಿದ ಕೌದಿ ಒಯ್ದಿದ್ದೆ. ಗೆಳೆಯನ ತಾಯಿ ಮೂಲೆಯಲ್ಲಿ ಮಡಚಿ ಹೊಲಿದ ಬಟ್ಟೆಯ ಹೂವನ್ನು ಬೆರಳಿನಿಂದ ಮತ್ತೆ ಮತ್ತೆ ಸವರಿದರು. ಮರುದಿನ ಕಲ್ಲಿನ ಮೇಲೆ ಮುಸ್ಸಿರೊ ಎಂಬ ಗಿಡದ ಕಡ್ಡಿ ತೇಯ್ದು (ಥೇಟ್ ನಮ್ಮಲ್ಲಿ ಗಂಧ ತೇಯುವ ಹಾಗೆ!) ಬಿಳಿ ಲೇಪವನ್ನು ನನ್ನ ಹೆಂಡತಿಯ ಮುಖಕ್ಕೆ ಹಚ್ಚಿದರು. ಹೊರಡುವಾಗ ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಕಪುಲಾನಾ ಬಟ್ಟೆಯ ತುಂಡೊಂದನ್ನು ಕೊಟ್ಟರು. ಅವ್ವ ಅದನ್ನು ಈಗ ಹೊಸ ಕೌದಿಯ ನಟ್ಟನಡುವೆ ಇಟ್ಟು ಹೊಲಿಯುತ್ತಿದ್ದಾಳೆ.